ಮೊದಲು ಒತ್ತಿದ್ದು ಯಾರು?



ಹೋದ ತಿಂಗಳು ನಮ್ಮ ಮನೆಯ ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ. ಬಣ್ಣಬಣ್ಣದ ತಂತಿಗಳು, ಕಡಲೆಕಾಳಿನಷ್ಟು ದೀಪಗಳು, ನಾಲ್ಕು ಕೆಂಪು ಗುಂಡಿಗಳು, ಜೊತೆಗೆ ಬೆಸುಗೆಯ ಹೊಗೆ ವಾಸನೆ. "ರೀ, ಇವತ್ತಿಂದ ಊಟ ನೆಲದ ಮೇಲೆ" ಎಂದು ನಮ್ಮಾಕೆ ಘೋಷಿಸಿಬಿಟ್ಟಳು.

ಇದಕ್ಕೆಲ್ಲ ಕಾರಣ ನಮ್ಮ ಮೊಮ್ಮಗಳು. ಒಂಬತ್ತನೇ ಕ್ಲಾಸು. ಶಾಲೆಯ ಕ್ವಿಜ್ ಸ್ಪರ್ಧೆಗೆ ಬಜರ್ ಮಾಡಿಕೊಡುತ್ತೇನೆ ಎಂದು ಮೇಷ್ಟ್ರ ಹತ್ತಿರ ಒಪ್ಪಿಕೊಂಡು ಬಂದಿದ್ದಳು. ಹೋದ ವರ್ಷ ಕೈ ಎತ್ತುವ ಪದ್ಧತಿ ಇತ್ತಂತೆ. ಕೊನೆಯ ಪ್ರಶ್ನೆಗೆ ಎರಡು ತಂಡದವರು ಹೆಚ್ಚುಕಡಿಮೆ ಒಟ್ಟಿಗೇ ಕೈ ಎತ್ತಿದರು. ಕ್ವಿಜ್ ನಡೆಸುತ್ತಿದ್ದವರ ಕಣ್ಣಿಗೆ ಮೊದಲು ಬಿದ್ದದ್ದು ಮುಂದಿನ ಬೆಂಚಿನ ಕೈ. ಅದು ನಮ್ಮ ಮೊಮ್ಮಗಳದ್ದು. ಹಿಂದಿನ ಬೆಂಚಿನ ಕೈ ಅವಳ ಜೀವದ ಗೆಳತಿಯದ್ದು. ಇವಳ ತಂಡ ಗೆದ್ದಿತು. ಗೆಳತಿ ಎರಡು ತಿಂಗಳು ಮಾತು ಬಿಟ್ಟಳು.

"ತಾತ, ನಿಜ ಹೇಳ್ಲಾ? ಅವ್ಳೇ ಮೊದ್ಲು ಎತ್ತಿದ್ಲು ಅಂತ ನಂಗೂ ಅನ್ಸಿತ್ತು. ಆದ್ರೆ ನಾನು ಹೇಳ್ಲಿಲ್ಲ" ಎಂದಳು ಒಂದು ರಾತ್ರಿ. ಆಮೇಲೆ ನಾನೂ ಆ ಮೇಜಿನ ಮುಂದೆ ಕುಳಿತೆ. ಊಟ ನೆಲದ ಮೇಲೇ ಆಗಲಿ, ಪರವಾಗಿಲ್ಲ ಎನಿಸಿತು.

ನಾನು ಬಿ.ಕಾಂ. ಮಾಡಿದವನು. ಜೀವನವಿಡೀ ಬ್ಯಾಂಕಿನಲ್ಲಿ ಗುಮಾಸ್ತಗಿರಿ. ಬಲ್ಬಿನ ಹೋಲ್ಡರ್ ಬದಲಿಸುವುದೇ ನನ್ನ ಎಲೆಕ್ಟ್ರಾನಿಕ್ಸ್. ಆದರೂ ಅವಳ ಜೊತೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಸಂದಿಗೊಂದಿಯ ಅಂಗಡಿಗಳಲ್ಲಿ ಓಡಾಡಿ, ಕೆಲವು ನೂರು ರೂಪಾಯಿ ಕೊಟ್ಟು ಆರ್ಡುಯಿನೋ ಊನೋ ಮಾದರಿಯ ಒಂದು ಬೋರ್ಡು ತಂದೆವು. ಅದರ ಮೇಲೆ ಜಿರಳೆಯ ಹಾಗೆ ಕಾಲು ಚಾಚಿ ಕೂತಿರುವ ಕಪ್ಪು ಚಿಪ್ಪಿನ ಹೆಸರು ಮೈಕ್ರೋಕಂಟ್ರೋಲರ್.

ಈ ಮೈಕ್ರೋಕಂಟ್ರೋಲರ್ ಎಂದರೇನು? ನನಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳ್ಳಿಯ ಶಾಖೆಗೆ ಹಾಕಿದ್ದರು. ಮ್ಯಾನೇಜರ್ ಒಬ್ಬರು, ಜವಾನ ಒಬ್ಬ, ಗುಮಾಸ್ತ ನಾನೊಬ್ಬನೇ. ಚೆಕ್ಕು ತೆಗೆದುಕೊಳ್ಳುವವನೂ ನಾನೇ, ಲೆಡ್ಜರ್ ಬರೆಯುವವನೂ ನಾನೇ, ಹಣ ಎಣಿಸುವವನೂ ನಾನೇ. ಒಂದಾದ ಮೇಲೆ ಒಂದು. ಮೈಕ್ರೋಕಂಟ್ರೋಲರ್ ಅಂಥ ಒಂಟಿ ಗುಮಾಸ್ತ. ಅದಕ್ಕೆ ಬರೆದುಕೊಟ್ಟ ಆಜ್ಞೆಗಳ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಒಂದೊಂದಾಗಿ ಮಾಡುತ್ತದೆ, ಮುಗಿದರೆ ಮತ್ತೆ ಮೊದಲಿನಿಂದ.

ಆದರೆ ವೇಗ ಮಾತ್ರ ನನ್ನಂತಲ್ಲ! ಊನೋ ಬೋರ್ಡಿನ ಚಿಪ್ಪಿನ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಟಿಕ್ ಎನ್ನುತ್ತದೆ. ಒಂದು ಸಣ್ಣ ಆಜ್ಞೆಗೆ ಒಂದೋ ಎರಡೋ ಟಿಕ್ ಸಾಕು. ಒಂದು ಟಿಕ್ ಎಂದರೆ 62.5 ನ್ಯಾನೋಸೆಕೆಂಡ್. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಒಂದು ಚೂರಿನ ಹೆಸರು ನ್ಯಾನೋಸೆಕೆಂಡ್.

ಮೊಮ್ಮಗಳು ಬರೆದ ಪಟ್ಟಿ ಹೀಗಿತ್ತು: ಒಂದನೇ ಗುಂಡಿ ನೋಡು, ಒತ್ತಿದ್ದರೆ ಒಂದನೇ ತಂಡದ ದೀಪ ಹೊತ್ತಿಸು. ಇಲ್ಲದಿದ್ದರೆ ಎರಡನೆಯದು ನೋಡು. ಆಮೇಲೆ ಮೂರು, ಆಮೇಲೆ ನಾಲ್ಕು. ಯಾರೂ ಒತ್ತಿಲ್ಲವಾದರೆ 'ಸಿದ್ಧ' ಎಂಬ ಹಸಿರು ದೀಪವನ್ನು ಮಿನುಗಿಸು, ಕಾಲು ಸೆಕೆಂಡು ಹೊತ್ತಿಸಿ ಕಾಲು ಸೆಕೆಂಡು ಆರಿಸು. ಮತ್ತೆ ಮೊದಲಿನಿಂದ ನೋಡು.

ಭಾನುವಾರ ಪರೀಕ್ಷೆ ನಡೆಯಿತು. ಒಂದನೇ ಗುಂಡಿ ನನಗೆ, ಎರಡು ಮೊಮ್ಮಗಳಿಗೆ, ಮೂರು ಅವಳ ಗೆಳತಿಗೆ (ಈಗ ರಾಜಿಯಾಗಿದೆ), ನಾಲ್ಕನೆಯದು ಅವಳ ಅಜ್ಜಿಗೆ. ಚಪ್ಪಾಳೆ ತಟ್ಟಿದ ಕೂಡಲೇ ಒತ್ತಬೇಕು. ಹೇಳುವುದಕ್ಕೆ ಸಂಕೋಚ, ನನ್ನ ಬೆರಳು ಈಗ ನಿಧಾನ. ಆದರೂ ಗೆದ್ದವನು ನಾನೇ! ಹಪ್ಪಳ ಕರಿಯುವಾಗ ಮಿಂಚಿನ ಹಾಗೆ ಕೈ ಆಡಿಸುವ ನಮ್ಮಾಕೆ ಒಂದು ಸಲವೂ ಗೆಲ್ಲಲಿಲ್ಲ.

"ನಾನು ಮೊದ್ಲು ಒತ್ತಿದ್ದೆ ಕಣೇ" ಎಂದಳು ಅಜ್ಜಿ.

"ಅಜ್ಜಿ, ಮಿಷನ್ ಸುಳ್ಳು ಹೇಳಲ್ಲ."

ಅಜ್ಜಿ ಗುಂಡಿ ಬಿಟ್ಟು ಎದ್ದು ಅಡಿಗೆ ಮನೆಗೆ ಹೋದಳು. ನನಗೆ ಸಮಾಧಾನವಾಗಲಿಲ್ಲ. ಲೆಕ್ಕ ತಾಳೆಯಾಗದಿದ್ದರೆ ಗುಮಾಸ್ತನಿಗೆ ನಿದ್ದೆ ಬರುವುದಿಲ್ಲ. ನೋಟ್‌ಬುಕ್ ತೆಗೆದುಕೊಂಡೆ. ಮೊಮ್ಮಗಳಿಗೆ ಹೇಳಿದೆ: ಎಡಗೈಯಿಂದ ನಾಲ್ಕನೇ ಗುಂಡಿ ಒತ್ತಿ ಹಿಡಿ, ಕಣ್ಣು ಮಿಟುಕಿಸುವಷ್ಟು ಬಿಟ್ಟು ಬಲಗೈಯಿಂದ ಒಂದನೆಯದು ಒತ್ತು. ನಿಜವಾದ ಯಂತ್ರವಾದರೆ ಪ್ರತಿ ಸಲವೂ ನಾಲ್ಕನೇ ತಂಡದ ದೀಪ ಹೊತ್ತಬೇಕು. ಹೀಗೆ 20 ಸಲ ಮಾಡಿದೆವು. 14 ಸಲ ಹೊತ್ತಿದ್ದು ಒಂದನೇ ತಂಡದ ದೀಪ.

ಮೊಮ್ಮಗಳ ಮುಖ ಬಾಡಿತು. "ತಾತ, ಇದೂ ಹೋದ ವರ್ಷದ ಥರಾನೇ. ಮುಂದಿನ ಬೆಂಚಿಗೇ ಗೆಲುವು."

ತಪ್ಪು ಎಲ್ಲಿದೆ ಎಂದು ನಿಮಗೆ ಹೊಳೆಯಿತೇ ಮಕ್ಕಳೇ? ಹಸಿರು ದೀಪ ಮಿನುಗಿಸುವಾಗ ಚಿಪ್ಪು "ಕಾಲು ಸೆಕೆಂಡು ಸುಮ್ಮನಿರು" ಎಂಬ ಆಜ್ಞೆಯನ್ನು ಪಾಲಿಸುತ್ತಾ ಕೂತಿರುತ್ತದೆ. ಆಗ ಯಾವ ಗುಂಡಿಯನ್ನೂ ನೋಡುವುದಿಲ್ಲ. ಹೊತ್ತಿಸಿ ಆರಿಸುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದಿರುತ್ತದೆ. ಅಷ್ಟರೊಳಗೆ ನಾಲ್ಕು ಮಂದಿಯೂ ಒತ್ತಿರಬಹುದು. ಎಚ್ಚರವಾದ ಚಿಪ್ಪು ಮೊದಲು ಒಂದನೇ ಗುಂಡಿ ನೋಡುತ್ತದೆ. ಒತ್ತಿದೆ. ಮುಗಿಯಿತು, ಒಂದನೇ ತಂಡಕ್ಕೆ ಜಯ!

ಗೆಳತಿಯ ಅಣ್ಣ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಸಂಜೆ ಬಂದು ನೋಡಿದ. "ಇದಕ್ಕೆ ಎಫ್‌ಪಿಜಿಎ ಹಾಕಿಬಿಡಿ ತಾತ. ಅದು ಒಂದೊಂದಾಗಿ ನೋಡಲ್ಲ. ನಾಲ್ಕೂ ಗುಂಡಿ ಒಟ್ಟಿಗೇ ನೋಡುತ್ತೆ" ಎಂದ. ಬೋರ್ಡಿನ ಬೆಲೆ ಕೇಳಿದೆ. ಅದು ಸಾವಿರಗಳ ಲೆಕ್ಕ. ಕ್ವಿಜ್‌ಗೆ ಉಳಿದಿದ್ದು ಎಂಟು ದಿನ. ಮೊಮ್ಮಗಳು ನನ್ನ ಮುಖ ನೋಡಿದಳು. ಪೆನ್ಷನ್ ಬಂದ ವಾರ ಎಂದು ಅವಳಿಗೂ ಗೊತ್ತು!

"ಕೊಡಿಸೋಣ. ಆದರೆ ಅದೇನು ಅಂತ ಮೊದಲು ನನಗೆ ಅರ್ಥ ಮಾಡಿಸು" ಎಂದೆ ಆ ಹುಡುಗನಿಗೆ.

ಎಫ್‌ಪಿಜಿಎ ಎಂದರೆ ಫೀಲ್ಡ್ ಪ್ರೋಗ್ರಾಮಬಲ್ ಗೇಟ್ ಅರೇ. ನಮಗೆ ಬೇಕಾದಂತೆ ಜೋಡಿಸಿಕೊಳ್ಳಬಹುದಾದ ತರ್ಕದ ಚಿಪ್ಪು ಎಂದಿಟ್ಟುಕೊಳ್ಳಿ. ಇದರಲ್ಲಿ ಆಜ್ಞೆಗಳ ಪಟ್ಟಿ ಓದುವ ಗುಮಾಸ್ತನೇ ಇಲ್ಲ. ಬದಲಿಗೆ ನೂರಾರು, ಸಾವಿರಾರು ಪುಟ್ಟ ಪುಟ್ಟ ಕೋಣೆಗಳು, ಅವುಗಳ ನಡುವೆ ತಂತಿಗಳ ಜಾಲ. ಯಾವ ಕೋಣೆಗೆ ಯಾವ ತಂತಿ ಸೇರಬೇಕು ಎಂದು ನಾವು ಬರೆದು ತುಂಬಿಸಬೇಕು. ನಂತರ ಆ ಕೋಣೆಗಳೆಲ್ಲ ಒಟ್ಟಿಗೇ ಕೆಲಸ ಮಾಡುತ್ತವೆ.

ನನಗೆ ಪಟ್ಟಣದ ದೊಡ್ಡ ಶಾಖೆ ನೆನಪಾಯಿತು. ಅಲ್ಲಿ ಉಳಿತಾಯ ಖಾತೆಗೆ ಒಬ್ಬ, ಡ್ರಾಫ್ಟಿಗೆ ಒಬ್ಬ, ಹಣ ಕಟ್ಟಲು ಒಬ್ಬ, ಕೊಡಲು ಒಬ್ಬ. ಹಾಲಿನ ಈ ತುದಿಯಿಂದ ಆ ತುದಿಯವರೆಗೆ ಕೌಂಟರುಗಳು. ಒಬ್ಬ ಚಹಾ ಕುಡಿಯುತ್ತಿದ್ದರೂ ಇನ್ನೊಬ್ಬನ ಕೆಲಸ ನಿಲ್ಲುತ್ತಿರಲಿಲ್ಲ.

"ಸರಿ, ಆ ಕೋಣೆಯ ಒಳಗೆ ಏನಿರುತ್ತೆ?" ಎಂದೆ. ಹುಡುಗ ಹೇಳಿದ್ದು ಕೇಳಿ ನನಗೆ ಬಹಳ ಖುಷಿಯಾಯಿತು. ಅಲ್ಲಿರುವುದು ನಮ್ಮ ರೆಡಿ ರೆಕನರ್! ಅಜ್ಜಂದಿರಿಗೆ ಗೊತ್ತು, ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಬಡ್ಡಿಯನ್ನು ನಾವು ಗುಣಿಸುತ್ತಿರಲಿಲ್ಲ. ಇಷ್ಟು ಅಸಲು, ಇಷ್ಟು ದಿನ, ಇಷ್ಟು ದರ ಎಂದು ಆ ಪುಸ್ತಕದ ಸಾಲು ಹುಡುಕಿ ಉತ್ತರ ಬರೆದುಕೊಳ್ಳುತ್ತಿದ್ದೆವು. ಕೋಣೆಯೊಳಗೂ ಅಂಥದೇ ಪಟ್ಟಿ. ಕೋಣೆಗೆ ನಾಲ್ಕು ತಂತಿ ಬರುತ್ತವೆ ಎನ್ನೋಣ. ಪ್ರತಿ ತಂತಿಯೂ 'ಹೌದು' ಅಥವಾ 'ಇಲ್ಲ' ಎನ್ನುತ್ತದೆ. ಒಟ್ಟು 16 ಬಗೆಗಳು. ಹದಿನಾರಕ್ಕೂ ಉತ್ತರ ಮೊದಲೇ ಬರೆದಿಟ್ಟರೆ ಆಯಿತು. ಲೆಕ್ಕವೇ ಬೇಡ, ಸಾಲು ನೋಡು, ಉತ್ತರ ಹೇಳು.

ಮಾರುಕಟ್ಟೆಗೆ ಬಂದ ಮೊದಲ ಎಫ್‌ಪಿಜಿಎ 1985ರದ್ದು. ಅಮೆರಿಕದ ಜೈಲಿಂಕ್ಸ್ ಕಂಪನಿಯದು. ಆ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ರಾಸ್ ಫ್ರೀಮನ್ ಅವರ ಕಲ್ಪನೆ. ಅದರಲ್ಲಿ ಇಂಥ ಕೋಣೆಗಳು ಇದ್ದದ್ದು ಬರೀ 64. ಒಂಟಿ ಗುಮಾಸ್ತನ ವಂಶ ಇನ್ನೂ ಹಳೆಯದು. ಜಪಾನಿನ ಬ್ಯುಸಿಕಾಂ ಎಂಬ ಕಂಪನಿ ಕ್ಯಾಲ್ಕುಲೇಟರಿಗೆಂದು ಚಿಪ್ಪು ಮಾಡಿಕೊಡಿ ಎಂದು ಇಂಟೆಲ್ ಕಂಪನಿಯನ್ನು ಕೇಳಿತ್ತು. ಅದರ ಎಂಜಿನಿಯರುಗಳು, ಒಂದೇ ಕೆಲಸಕ್ಕೆ ಮೀಸಲಾದ ಚಿಪ್ಪುಗಳ ಬದಲು ಆಜ್ಞೆ ಬದಲಿಸಿದರೆ ಕೆಲಸವೂ ಬದಲಾಗುವಂಥ ಚಿಪ್ಪು ಮಾಡಿದರು. ಅದೇ 1971ರ ಇಂಟೆಲ್ 4004. ಮುಂದೆ ಅಂಥ ಚಿಪ್ಪಿನೊಳಗೇ ನೆನಪಿನ ಕೋಶವನ್ನೂ ಹೊರಗಿನ ತಂತಿಗಳಿಗೆ ಕಾಲುಗಳನ್ನೂ ಸೇರಿಸಿದಾಗ ಮೈಕ್ರೋಕಂಟ್ರೋಲರ್ ಆಯಿತು. ನಿಮ್ಮ ಮನೆಯ ವಾಷಿಂಗ್ ಮಷಿನ್, ಮೈಕ್ರೋವೇವ್ ಒಲೆಗಳಲ್ಲಿ ಕೂತಿರುವುದು ಈ ಜಾತಿಯದೇ.

ಮರಳಿ ಬಜರ್‌ಗೆ ಬರೋಣ. "ಬೋರ್ಡು ತರೋ ಮುಂಚೆ ರೆಡಿ ರೆಕನರ್ ಬರೆದು ನೋಡೋಣ" ಎಂದೆ ಮೊಮ್ಮಗಳಿಗೆ. ನಾಲ್ಕು ಗುಂಡಿ, 16 ಸಾಲು. ಅವಳು ಬರೆಯುತ್ತಾ ಹೋದಳು. ಯಾರೂ ಒತ್ತದ ಸಾಲು 1. ಒಬ್ಬರೇ ಒತ್ತಿದ ಸಾಲು 4. ಇಬ್ಬರು, ಮೂವರು ಅಥವಾ ನಾಲ್ವರೂ ಒತ್ತಿದ ಸಾಲುಗಳು 11. ಮೊದಲ ಐದು ಸಾಲುಗಳಿಗೆ ಉತ್ತರ ತಕ್ಷಣ ಬರೆದಳು. ಆರನೇ ಸಾಲಿಗೆ ಬಂದು ಪೆನ್ಸಿಲ್ ನಿಂತಿತು.

"ತಾತ, ಒಂದು ಮತ್ತೆ ನಾಲ್ಕು ಎರಡೂ ಒತ್ತಿದ್ರೆ ಏನು ಬರೀಲಿ?"

"ಯಂತ್ರಾನೇ ಕೇಳು."

"ಯಂತ್ರಕ್ಕೆ ಹೇಗೆ ಗೊತ್ತಾಗುತ್ತೆ? ನಾವು ಬರೆದಿದ್ದನ್ನೇ ತಾನೇ ಅದು ಹೇಳೋದು!"

ಅದೇ ವಿಷಯ ನೋಡಿ. ಎಫ್‌ಪಿಜಿಎ ನಾಲ್ಕು ಗುಂಡಿಗಳನ್ನೂ ಒಂದೇ ಗಳಿಗೆಯಲ್ಲಿ ನೋಡುತ್ತದೆ, ನಿಜ. ಆದರೆ ಅದೇ ಗಳಿಗೆಯಲ್ಲಿ ಇಬ್ಬರು ಒತ್ತಿದ್ದರೆ ಯಾರಿಗೆ ಕೊಡಬೇಕು ಎನ್ನುವುದು ಅದಕ್ಕೂ ಗೊತ್ತಿಲ್ಲ. ಆ 11 ಸಾಲುಗಳನ್ನು ಮನುಷ್ಯರೇ ತುಂಬಬೇಕು.

ಆಗ ನಾನು ಹಳೆಯ ಪ್ರೋಗ್ರಾಮಿನ ಪ್ರಕಾರ ಆ 11 ಸಾಲು ಯಾರಿಗೆ ಹೋಗುತ್ತಿತ್ತು ಎಂದು ಲೆಕ್ಕ ಹಾಕಿಸಿದೆ. ಒಂದನೇ ತಂಡಕ್ಕೆ 7. ಎರಡನೆಯದಕ್ಕೆ 3. ಮೂರನೆಯದಕ್ಕೆ 1. ನಾಲ್ಕನೆಯದಕ್ಕೆ ಸೊನ್ನೆ. ಒಟ್ಟು 11, ಲೆಕ್ಕ ತಾಳೆಯಾಯಿತು. ಮೊಮ್ಮಗಳು ಆ ಸೊನ್ನೆಯನ್ನೇ ನೋಡುತ್ತಾ ಕೂತಳು. ಆಮೇಲೆ ಎದ್ದು ಅಡಿಗೆ ಮನೆಗೆ ಹೋಗಿ ಅಜ್ಜಿಯ ಹತ್ತಿರ "ಸಾರಿ ಅಜ್ಜಿ, ನೀನೇ ಮೊದ್ಲು ಒತ್ತಿದ್ದೆ" ಎಂದಳು. ಅಜ್ಜಿ ಅವಳ ಕೈಗೆ ಒಂದು ಚಕ್ಕುಲಿ ಕೊಟ್ಟಳು. ರಾಜಿಪತ್ರಕ್ಕೆ ಸಹಿ ಬಿತ್ತು.

ಈ ಸೊನ್ನೆ ನನ್ನನ್ನೂ ಕಾಡಿತು. ಆ ಹಳ್ಳಿಯ ಶಾಖೆಯಲ್ಲಿ ಪೆನ್ಷನ್ ದಿನ ನನ್ನ ಕೌಂಟರಿನ ಉದ್ದಕ್ಕೂ ಜನ ನಿಲ್ಲುತ್ತಿದ್ದರು, ಸಾಲು ಎಂಬುದಿರಲಿಲ್ಲ. ತಲೆಯೆತ್ತಿದಾಗ ನನ್ನ ಎಡಗಡೆ ನಿಂತವರೇ ಕಣ್ಣಿಗೆ ಬೀಳುತ್ತಿದ್ದರು, ಅವರ ಪುಸ್ತಕವನ್ನೇ ತೆಗೆದುಕೊಳ್ಳುತ್ತಿದ್ದೆ. ಬಲ ತುದಿಯಲ್ಲಿ ಒಬ್ಬ ಹಿರಿಯರು ಬೆಳಗಿನಿಂದ ನಿಂತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಬಹಳ ಮೆಲ್ಲಗೆ ಹೇಳಿದರು: "ಸ್ವಾಮಿ, ಬಾಗಿಲು ತೆಗೆಯೋಕ್ ಮುಂಚೆ ಬಂದವನು ನಾನು." ನಾನು ಯಾರಿಗೂ ಬೇಕೆಂದು ಅನ್ಯಾಯ ಮಾಡಿರಲಿಲ್ಲ. ನೋಡುವ ಕ್ರಮವೇ ಅನ್ಯಾಯ ಮಾಡಿತ್ತು. ಮುಂದಿನ ತಿಂಗಳಿನಿಂದ ಜವಾನನ ಕೈಯಲ್ಲಿ ನಂಬರು ಬರೆದ ಚೀಟಿ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದೆವು. ಇನ್ನೊಬ್ಬ ಗುಮಾಸ್ತ ಬರಲಿಲ್ಲ, ಬೇಕಾಗಲೂ ಇಲ್ಲ. ಇದ್ದ ಒಬ್ಬನೇ ಸರಿಯಾದ ಕ್ರಮದಲ್ಲಿ ಕೆಲಸ ಮಾಡಿದ.

ಹಾಗಾದರೆ ಬಜರ್‌ಗೆ ಯಾವ ಚಿಪ್ಪು? ಮೂರು ಪ್ರಶ್ನೆ ಕೇಳಿಕೊಂಡೆವು.

ಒಂದು: ಕೆಲಸಕ್ಕೆ ಎಷ್ಟು ವೇಗ ಬೇಕು? ದೀಪ ಕಂಡು ಬೆರಳು ಒತ್ತಲು ಮನುಷ್ಯನಿಗೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಮೈಕ್ರೋಕಂಟ್ರೋಲರ್ 'ಸುಮ್ಮನಿರು' ಎಂಬ ಆಜ್ಞೆ ಇಲ್ಲದೆ ಓಡಿದರೆ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದೊಳಗೆ ಒಂದು ಸುತ್ತು ನೋಡಿ ಬರುತ್ತದೆ. ಬೆರಳುಗಳ ಓಟಕ್ಕೆ ಇದು ಧಾರಾಳ.

ಎರಡು: ಎಷ್ಟು ಕೆಲಸ ಒಂದೇ ಗಳಿಗೆಯಲ್ಲಿ ಆಗಬೇಕು? ನಾಲ್ಕು ಗುಂಡಿ ನೋಡುವುದು ಮಾತ್ರ. ಇದಕ್ಕೆ ಊನೋ ಚಿಪ್ಪಿನಲ್ಲೇ ಒಂದು ಉಪಾಯವಿದೆ ಎಂದ ಆ ಹುಡುಗ. ಅದರ ಕಾಲುಗಳು ಗುಂಪು ಗುಂಪಾಗಿವೆ. ಒಂದು ಗುಂಪಿನ ಎಲ್ಲ ಕಾಲುಗಳನ್ನೂ ಒಂದೇ ಆಜ್ಞೆಯಲ್ಲಿ, ಒಂದೇ ನೋಟಕ್ಕೆ ಓದಬಹುದು. ಗುಂಡಿಗಳನ್ನು 4ರಿಂದ 7ನೇ ನಂಬರಿನ ಕಾಲುಗಳಿಗೆ ಸೇರಿಸಿದರೆ ನಾಲ್ಕೂ ಒಂದೇ ಗುಂಪು.

ಮೂರು: ದುಡ್ಡು, ದಿನ, ಕಲಿಕೆ. ಎಫ್‌ಪಿಜಿಎಗೆ ವೆರಿಲಾಗ್ ಎಂಬಂಥ ಬೇರೆಯೇ ಭಾಷೆ ಕಲಿಯಬೇಕು. ಅಲ್ಲಿ ಬರೆಯುವುದು 'ಇದು ಮಾಡು, ಆಮೇಲೆ ಅದು ಮಾಡು' ಎಂಬ ಆಜ್ಞೆಯಲ್ಲ, ಸರ್ಕ್ಯೂಟಿನ ವರ್ಣನೆ. ಎಂಟು ದಿನ ಅದಕ್ಕೆ ಸಾಲದು.

ಮೂರಕ್ಕೂ ಉತ್ತರ ಒಂದೇ ಬಂತು. ಇದ್ದ ಬೋರ್ಡೇ ಸಾಕು, ತಿದ್ದಬೇಕಾದದ್ದು ಪ್ರೋಗ್ರಾಮು. ಮೊಮ್ಮಗಳು 'ಸುಮ್ಮನಿರು' ತೆಗೆದುಹಾಕಿದಳು. ಈಗ ಚಿಪ್ಪು ಗುಂಡಿ ನೋಡುತ್ತಲೇ ಮಧ್ಯೆ ಮಧ್ಯೆ ತನ್ನ ಗಡಿಯಾರ ನೋಡಿ, ಕಾಲು ಸೆಕೆಂಡು ಆಗಿದ್ದರೆ ಮಾತ್ರ ಹಸಿರು ದೀಪ ಬದಲಿಸುತ್ತದೆ. ನಾಲ್ಕೂ ಗುಂಡಿ ಒಂದೇ ನೋಟಕ್ಕೆ. ಆ 11 ಸಾಲುಗಳ ಎದುರು ಅವಳು ಒಂದೇ ಉತ್ತರ ಬರೆದಳು: ಟೈ. ಒತ್ತಿದವರ ದೀಪಗಳೆಲ್ಲ ಹೊತ್ತಬೇಕು, ಆ ತಂಡಗಳಿಗೆ ಹೊಸ ಪ್ರಶ್ನೆ ಕೇಳಬೇಕು.

ಮತ್ತೆ ನನ್ನ 20 ಸಲದ ಪರೀಕ್ಷೆ. ಈ ಸಲ 20ಕ್ಕೆ 20 ನಾಲ್ಕನೇ ತಂಡದ ದೀಪವೇ.

"ಹಾಗಾದ್ರೆ ಎಫ್‌ಪಿಜಿಎ ಯಾವತ್ತೂ ಬೇಡ್ವಾ?" ಎಂದು ಅವಳು ಕೇಳಿದಳು. ಬೇಕು ಮಗು, ಅದರ ಕೆಲಸ ಬಂದಾಗ. ಅಟ್ಟದ ಮೇಲೆ ನಮ್ಮದೊಂದು ಹಳೆಯ ಕಂಪ್ಯೂಟರ್ ಮಾನಿಟರ್ ಇದೆ. ಅಂಕಪಟ್ಟಿಯನ್ನು ಅದರಲ್ಲಿ ತೋರಿಸಬೇಕು ಎನ್ನುವುದು ಅವಳ ಮುಂದಿನ ಆಸೆ. ಅಂಥ ಪರದೆಗೆ 640 ಅಡ್ಡ ಚುಕ್ಕಿ, 480 ಸಾಲು, ಸೆಕೆಂಡಿಗೆ 60 ಚಿತ್ರ ಕಳಿಸಬೇಕೆಂದರೆ ಸೆಕೆಂಡಿಗೆ ಸುಮಾರು 2 ಕೋಟಿ 50 ಲಕ್ಷ ಚುಕ್ಕಿಗಳ ವೇಗ ಬೇಕು. ಒಂದು ಚುಕ್ಕಿಗೆ ಸಿಗುವುದು 40 ನ್ಯಾನೋಸೆಕೆಂಡ್. ನಮ್ಮ ಊನೋ ಗುಮಾಸ್ತನಿಗೆ ಒಂದು ಟಿಕ್‌ಗೇ 62.5 ಬೇಕು. ಒಂದು ಆಜ್ಞೆ ಮುಗಿಯುವಷ್ಟರಲ್ಲಿ ಚುಕ್ಕಿಯ ಸಮಯ ಮೀರಿರುತ್ತದೆ. ಅಲ್ಲಿ ಕೌಂಟರುಗಳೆಲ್ಲ ಒಟ್ಟಿಗೆ ತೆರೆದಿರುವ ದೊಡ್ಡ ಶಾಖೆ, ಅಂದರೆ ಎಫ್‌ಪಿಜಿಎ, ತಕ್ಕ ಆಯ್ಕೆ. 2004ರಲ್ಲಿ ಮಂಗಳನ ಮೇಲೆ ಇಳಿದ ಸ್ಪಿರಿಟ್ ಮತ್ತು ಆಪರ್ಚುನಿಟಿ ಗಾಡಿಗಳಲ್ಲೂ ಮೋಟಾರು ನಡೆಸುವ ಕಡೆ ಇಂಥ ಚಿಪ್ಪುಗಳಿದ್ದವು. ಪೆನ್ಷನ್‌ನಲ್ಲಿ ಒಂದಿಷ್ಟು ಎತ್ತಿಡುತ್ತಿದ್ದೇನೆ, ಬೇಸಿಗೆ ರಜೆಗೆ ನೋಡೋಣ.

ಕ್ವಿಜ್ ದಿನ ನಾನೂ ನಮ್ಮಾಕೆಯೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಮೊಮ್ಮಗಳು ತಾನಾಗಿಯೇ ನಾಲ್ಕನೇ ಗುಂಡಿ ಆರಿಸಿಕೊಂಡಳು. ಕೊನೆಯ ಪ್ರಶ್ನೆಗೆ ಮತ್ತೆ ಅವಳೂ ಗೆಳತಿಯೂ ಒಟ್ಟಿಗೇ ಒತ್ತಿದ ಹಾಗೆ ಕಂಡಿತು. ನನ್ನ ಕಣ್ಣಿಗಂತೂ ವ್ಯತ್ಯಾಸ ತಿಳಿಯಲಿಲ್ಲ. ಹೊತ್ತಿದ್ದು ಒಂದೇ ದೀಪ, ಗೆಳತಿಯದು. ಗೆಳತಿಯ ತಂಡ ಗೆದ್ದಿತು. ನಮ್ಮ ಹುಡುಗಿ ಎರಡನೇ ಸ್ಥಾನ. ತಾನೇ ಮಾಡಿದ ಯಂತ್ರ ತನ್ನನ್ನು ಸೋಲಿಸಿತು ಎಂದು ಅವಳು ಅಳುತ್ತಾಳೇನೋ ಎಂದುಕೊಂಡೆ. ಅವಳು ಗೆಳತಿಯ ಕೈ ಹಿಡಿದುಕೊಂಡು ಬಂದು "ತಾತ, ಈ ಸಲ ಲೆಕ್ಕ ಸರಿ ಇದೆ" ಎಂದಳು. ಇಬ್ಬರೂ ಒಂದೇ ಆಟೋದಲ್ಲಿ ನಮ್ಮ ಜೊತೆ ಮನೆಗೆ ಬಂದರು. ಅಜ್ಜಿಯ ಚಕ್ಕುಲಿ ಡಬ್ಬ ಅವತ್ತೇ ಖಾಲಿ.

ಮಕ್ಕಳೇ, ಈ ವಾರದ ಮನೆಗೆಲಸ: ಕಾಗದದ ಮೇಲೆ ಮೂರು ಗುಂಡಿಯ ಬಜರ್‌ಗೆ ರೆಡಿ ರೆಕನರ್ ಬರೆಯಿರಿ. ಒಟ್ಟು ಎಷ್ಟು ಸಾಲು? ಅದರಲ್ಲಿ ಯಂತ್ರಕ್ಕೆ ಬಿಡದೆ ನೀವೇ ಯೋಚಿಸಿ ತುಂಬಬೇಕಾದ ಸಾಲುಗಳು ಎಷ್ಟು? ಅಜ್ಜ-ಅಜ್ಜಿಯರೇ, ಉತ್ತರ ನೀವು ಹೇಳಿಕೊಡಬೇಡಿ. ಪಕ್ಕದಲ್ಲಿ ಕೂತು ಒಟ್ಟು ತಾಳೆಯಾಯಿತೇ ಎಂದು ಮಾತ್ರ ನೋಡಿ. ಉತ್ತರ ಮುಂದಿನ ವಾರ.